ಗುಡ್ಡ ಹತ್ತುವುದೂ ನಿದ್ದೆ ಹತ್ತುವುದೂ ಒಂದೇ ಶಬ್ದವೇ?

ಪ್ರಶ್ನೆ: ನಾನು ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪ್ರಬಂಧದಲ್ಲಿ “ರಾತ್ರಿಯೆಲ್ಲ ನನಗೆ ನಿದ್ದೆ ಹತ್ತಲಿಲ್ಲ, ನಮ್ಮ ಆಯಿ ಕೆಮ್ಮಾಕತ್ತಿದ್ದಳು” ಎಂದು ಬರೆದಿದ್ದಳು. ನಾನು ‘ಕೆಮ್ಮಾಕತ್ತಿದ್ದಳು’ ಎಂಬುದನ್ನು ‘ಕೆಮ್ಮುತ್ತಿದ್ದಳು’ ಎಂದು ತಿದ್ದಿದೆ. ಆಗ ಅವಳು, “ಟೀಚರ್, ಗುಡ್ಡಾನೂ ಹತ್ತತೇವಿ, ಬೆಂಕಿನೂ ಹತ್ತತೈತಿ, ನಿದ್ದಿನೂ ಹತ್ತತೈತಿ. ಇದು ಒಂದ ಶಬ್ದನೋ, ಮೂರು ಶಬ್ದನೋ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಇಂಥ ವಿಷಯಗಳನ್ನು ಕಾಗ್ನಿಟಿವ್ ಲಿಂಗ್ವಿಸ್ಟಿಕ್ಸ್ ಎಂಬ ಶಾಖೆ ಅಭ್ಯಾಸ ಮಾಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಆ ಶಾಖೆ ಭಾಷೆಯನ್ನೂ ಮನಸ್ಸನ್ನೂ ಹೇಗೆ ನೋಡುತ್ತದೆ? ನಾವಾಡುವ ಭಾಷೆ ನಮ್ಮ ವಿಚಾರವನ್ನು ಕಟ್ಟಿಹಾಕುತ್ತದೆ ಎಂದು ಅದು ಹೇಳುತ್ತದೆಯೇ?

ಉತ್ತರ: ನಿಮ್ಮ ವಿದ್ಯಾರ್ಥಿನಿಗೆ ಚುಟುಕಾಗಿ ಹೇಳುವುದಾದರೆ, ಅದು ಒಂದೇ ಶಬ್ದ, ಆದರೆ ಅದಕ್ಕೆ ಒಂದೇ ಅರ್ಥವಿಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಅರ್ಥಗಳೂ ಇಲ್ಲ. ಈ ನಡುವಿನ ಸ್ಥಿತಿಯನ್ನು ವಿವರಿಸುವುದು ಹೇಗೆ ಎಂಬ ತೊಡಕು ನೀವು ಹೆಸರಿಸಿದ ಶಾಖೆಯ ಹುಟ್ಟಿಗೆ ಒಂದು ಮುಖ್ಯ ಕಾರಣವಾಯಿತು. ಕನ್ನಡದಲ್ಲಿ ಅದನ್ನು ಸಂಜ್ಞಾನಾತ್ಮಕ ಭಾಷಾವಿಜ್ಞಾನ ಎನ್ನುವುದುಂಟು. ನಾನು ಇಲ್ಲಿ ‘ಅರಿವಿನ ಭಾಷಾವಿಜ್ಞಾನ’ ಎಂಬ ಸರಳವಾದ ಹೆಸರನ್ನು ಬಳಸುತ್ತೇನೆ. ಧಾರವಾಡದಲ್ಲಿ ಬಹಳ ವರ್ಷ ಭಾಷಾವಿಜ್ಞಾನ ಕಲಿಸಿದ ನನಗೆ, ಅದರ ಮುಖ್ಯ ವಿಚಾರಗಳನ್ನೆಲ್ಲ ತೋರಿಸಲು ‘ಹತ್ತು’ ಎಂಬ ಕ್ರಿಯಾಪದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ. ಆದ್ದರಿಂದ ಅದನ್ನೇ ಹಿಡಿದು ಹೋಗುತ್ತೇನೆ.

ಮೊದಲು ಸಂಬಂಧವಿಲ್ಲದವನ್ನು ಬದಿಗಿಡೋಣ. ಒಂಬತ್ತಾದ ಮೇಲೆ ಬರುವ ಸಂಖ್ಯೆಯ ‘ಹತ್ತು’ ಬೇರೆ, ಎರಿ ಹೊಲದಲ್ಲಿ ಬೆಳೆಯುವ ‘ಹತ್ತಿ’ ಬೇರೆ. ಇವು ಬೇರೆ ಬೇರೆ ಬೇರುಗಳಿಂದ ಬಂದು ಉಚ್ಚಾರದಲ್ಲಿ ಮಾತ್ರ ಹತ್ತಿರವಾದ ಶಬ್ದಗಳು. ಕ್ರಿಯಾಪದದ ‘ಹತ್ತು’ವಿನ ಸಂಗತಿ ಹಾಗಲ್ಲ. ನಮ್ಮ ಸುತ್ತಿನ ಮಾತನ್ನು ಒಂದು ದಿನ ಕಿವಿಗೊಟ್ಟು ಕೇಳಿದರೂ ಸಾಕು: ಕಪ್ಪತಗುಡ್ಡ ಹತ್ತುತ್ತೇವೆ, ಬಸ್ಸು ಹತ್ತುತ್ತೇವೆ; ಕಟ್ಟಿಗೆಗೆ ಬೆಂಕಿ ಹತ್ತುತ್ತದೆ, ಅನ್ನ ತಳ ಹತ್ತುತ್ತದೆ, ಕಾಳಿಗೆ ಹುಳ ಹತ್ತುತ್ತದೆ; ಉಂಡದ್ದು ಮೈಗೆ ಹತ್ತುತ್ತದೆ ಅಥವಾ ಹತ್ತುವುದಿಲ್ಲ; ಒಬ್ಬನಿಗೆ ಚಟ ಹತ್ತುತ್ತದೆ, ಇನ್ನೊಬ್ಬನಿಗೆ ಗುಂಗು ಹತ್ತುತ್ತದೆ; ಬಹಳ ದಿನದ ಮೇಲೆ ಕಂಡವರ ಗುರುತು ಹತ್ತುವುದಿಲ್ಲ; ಕಳ್ಳನ ಬೆನ್ನು ಹತ್ತುತ್ತಾರೆ; ಮನೆ ಕಟ್ಟಲು ಎಷ್ಟು ರೊಕ್ಕ ಹತ್ತುತ್ತದೆ, ಎಷ್ಟು ದಿನ ಹತ್ತುತ್ತದೆ ಎಂದು ಕೇಳುತ್ತಾರೆ; ಮಳೆ ಹತ್ತುತ್ತದೆ, ನಿದ್ದೆ ಹತ್ತುತ್ತದೆ; ಕೊನೆಗೆ, ನಿಮ್ಮ ವಿದ್ಯಾರ್ಥಿನಿಯ ಆಯಿ ಕೆಮ್ಮಲಿಕ್ಕೆ ಹತ್ತುತ್ತಾಳೆ.

ನಿಘಂಟು ಇವನ್ನೆಲ್ಲ ಒಂದರ ಕೆಳಗೊಂದು ಪಟ್ಟಿ ಮಾಡುತ್ತದೆ. ಅದು ನಿಘಂಟಿನ ಕೆಲಸ, ಅದರಲ್ಲಿ ತಪ್ಪಿಲ್ಲ. ಆದರೆ ಆಡುವವರ ಮನಸ್ಸಿನಲ್ಲಿ ಇವು ಪಟ್ಟಿಯಂತೆಯೇ ಇವೆಯೇ? ಅಲ್ಲವಾದರೆ ಹೇಗಿವೆ? ಅರಿವಿನ ಭಾಷಾವಿಜ್ಞಾನ ಕೇಳುವ ಪ್ರಶ್ನೆ ಇದು.

ಈ ಪ್ರಶ್ನೆಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1957ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಭಾಷಾಭ್ಯಾಸದ ದಿಕ್ಕನ್ನೇ ಬದಲಿಸಿದರು. ವಾಕ್ಯರಚನೆಯನ್ನು ಅರ್ಥದ ನೆರವಿಲ್ಲದೆ, ತನ್ನದೇ ನಿಯಮಗಳುಳ್ಳ ವ್ಯವಸ್ಥೆಯಾಗಿ ವಿವರಿಸಬಹುದು ಎಂಬುದು ಅವರ ನಿಲುವು. ಭಾಷೆಗೆಂದೇ ಮೀಸಲಾದ ಒಂದು ಸಾಮರ್ಥ್ಯ ಮನುಷ್ಯನಿಗೆ ಹುಟ್ಟಿನಿಂದ ಬಂದಿರುತ್ತದೆ ಎಂಬುದನ್ನು ಅವರು ಮುಂದೆ ಬೆಳೆಸಿದರು. ಭಾಷೆಯ ಅಭ್ಯಾಸವೆಂದರೆ ಮನಸ್ಸಿನ ಅಭ್ಯಾಸ ಎಂದು ಅವರೂ ಹೇಳಿದರೆಂಬುದನ್ನು ಮರೆಯಬಾರದು. ಅವರ ಪಂಥಕ್ಕೆ ಮನಸ್ಸಿನ ಕಾಳಜಿ ಇರಲಿಲ್ಲ ಎನ್ನುವುದು ಅನ್ಯಾಯದ ಮಾತು. ಭಿನ್ನಾಭಿಪ್ರಾಯ ಇದ್ದದ್ದು ಬೇರೆ ಕಡೆಗೆ. ಭಾಷೆ ಮನಸ್ಸಿನೊಳಗೆ ಪ್ರತ್ಯೇಕ ಕೋಣೆಯಲ್ಲಿ ಇರುತ್ತದೆಯೇ, ಅಥವಾ ನೋಡುವುದು, ಮುಟ್ಟುವುದು, ಚಲಿಸುವುದು, ನೆನಪಿಡುವುದು, ಒಂದರಂತೆ ಇನ್ನೊಂದನ್ನು ಕಾಣುವುದು ಮುಂತಾದ ಸಾಮಾನ್ಯ ಶಕ್ತಿಗಳಿಂದಲೇ ಕಟ್ಟಲ್ಪಟ್ಟಿದೆಯೇ? 1970ರ ದಶಕದಲ್ಲಿ ಎರಡನೆಯ ಉತ್ತರವನ್ನು ಹಿಡಿದವರಲ್ಲಿ ಜಾರ್ಜ್ ಲೇಕಾಫ್, ರೊನಾಲ್ಡ್ ಲ್ಯಾಂಗಾಕರ್, ಲೆನರ್ಡ್ ಟಾಲ್ಮಿ, ಚಾರ್ಲ್ಸ್ ಫಿಲ್‌ಮೋರ್ ಮುಖ್ಯರು. ಲೇಕಾಫ್ ಮತ್ತು ತತ್ತ್ವಜ್ಞಾನಿ ಮಾರ್ಕ್ ಜಾನ್ಸನ್ ರೂಪಕಗಳ ಬಗ್ಗೆ ಬರೆದ ಪುಸ್ತಕ 1980ರಲ್ಲಿ ಬಂತು, ಲ್ಯಾಂಗಾಕರ್ ಅವರ ವ್ಯಾಕರಣದ ಮೊದಲ ಸಂಪುಟ 1987ರಲ್ಲಿ. 1989ರಲ್ಲಿ ಜರ್ಮನಿಯ ಡ್ಯೂಸ್‌ಬರ್ಗ್‌ನಲ್ಲಿ ಸೇರಿದವರು ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿಕೊಂಡರು. ಮರುವರ್ಷ ಅದರ ಪತ್ರಿಕೆ ಹೊರಟಿತು. ಇತಿಹಾಸ ಇಷ್ಟು ಸಾಕು.

ಇನ್ನು ‘ಹತ್ತು’ವಿಗೆ ಮರಳುತ್ತೇನೆ. ಹಳಗನ್ನಡದಲ್ಲಿ ಇದರ ರೂಪ ‘ಪತ್ತು’. ಪಾಲು ಹಾಲಾದಂತೆ, ಪೂ ಹೂವಾದಂತೆ, ಪತ್ತು ಹತ್ತಾಯಿತು. ಅಂಟಿಕೊಳ್ಳು, ಕೂಡಿಕೊಳ್ಳು, ಬಿಡದಂತೆ ತಗಲಿಕೊಳ್ಳು ಎಂಬುದು ಅದರ ಹಳೆಯ ಅರ್ಥಗಳ ನಡುಗಂಬ. ತಮಿಳಿನಲ್ಲಿ ಇದೇ ಬೇರಿನ ಕ್ರಿಯಾಪದಕ್ಕೆ ಹಿಡಿದುಕೊಳ್ಳು ಎಂಬ ಅರ್ಥವಿದೆ, ಬೆಂಕಿ ಹತ್ತುವುದಕ್ಕೂ ಅಲ್ಲಿ ಅದನ್ನೇ ಬಳಸುತ್ತಾರೆ. ಈಗ ಮೇಲಿನ ಮಾತುಗಳನ್ನು ಮತ್ತೊಮ್ಮೆ ಓದಿನೋಡಿ. ತಳ ಹತ್ತಿದ ಅನ್ನದಲ್ಲಿ ಅಂಟಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ, ಪಾತ್ರೆ ತಿಕ್ಕುವವರಿಗೆ ಕೈಗೂ ತಿಳಿಯುತ್ತದೆ. ಮರ ಹತ್ತುವವನು ಮರಕ್ಕೆ ಮೈ ಅಂಟಿಸಿ ಮೇಲೇರುತ್ತಾನೆ. ಅಲ್ಲಿಂದ ‘ಮೇಲೇರು’ ಎಂಬ ಭಾಗ ಮುಂದೆ ಬಂದು ‘ಅಂಟಿಕೊಳ್ಳು’ ಎಂಬ ಭಾಗ ಹಿಂದೆ ಸರಿದರೆ, ಮೆಟ್ಟಿಲು ಹತ್ತುವುದು, ಗುಡ್ಡ ಹತ್ತುವುದು ಸಿದ್ಧವಾಗುತ್ತದೆ. ಬೆಂಕಿ ಕಟ್ಟಿಗೆಯನ್ನು ಮುಟ್ಟಿ ಬಿಡದೆ ನಿಲ್ಲುತ್ತದೆ. ಚಟವೂ ಹಾಗೆಯೇ, ಆದರೆ ಅದು ಕಣ್ಣಿಗೆ ಕಾಣದ ಅಂಟು. ನಿದ್ದೆ ಮನುಷ್ಯನಿಗೆ ಬಂದು ತಗಲಿಕೊಳ್ಳುತ್ತದೆ. ಕೆಲಸಕ್ಕೆ ರೊಕ್ಕ ಹತ್ತುವುದೆಂದರೆ, ಆ ಕೆಲಸ ಹಿಡಿದುಕೊಳ್ಳುವಷ್ಟು ರೊಕ್ಕ.

ಹೀಗೆ ನಡುವೆ ಒಂದು ಗಟ್ಟಿಯಾದ ದೈಹಿಕ ಅನುಭವ, ಅದರ ಸುತ್ತ ಒಂದೊಂದು ಎಳೆಯಿಂದ ಕೂಡಿಕೊಂಡ ಬಳಕೆಗಳು. ತುದಿಯಲ್ಲಿರುವ ಎರಡು ಬಳಕೆಗಳ ನಡುವೆ ನೇರ ಸಂಬಂಧ ಕಾಣದೆ ಇರಬಹುದು, ಆದರೆ ಎರಡೂ ನಡುವಿನ ಕಂಬಕ್ಕೆ ಕಟ್ಟಿಕೊಂಡಿವೆ. ಅರಿವಿನ ಭಾಷಾವಿಜ್ಞಾನಿಗಳು ಶಬ್ದಾರ್ಥವನ್ನು ಈ ಬಗೆಯ ಜಾಲವಾಗಿ ಚಿತ್ರಿಸುತ್ತಾರೆ. 1981ರಲ್ಲಿ ಕ್ಲಾಡಿಯಾ ಬ್ರಗ್‌ಮನ್ ಎಂಬವರು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷಿನ ‘ಓವರ್’ ಎಂಬ ಒಂದೇ ಪದದ ಮೇಲೆ ಎಂ.ಎ. ಪ್ರಬಂಧ ಬರೆದು ಈ ಬಗೆಯ ವಿಶ್ಲೇಷಣೆಗೆ ದಾರಿ ಮಾಡಿದರು. ಓದಿದಾಗಲೆಲ್ಲ ನನಗೆ ನಮ್ಮ ‘ಹತ್ತು’ ನೆನಪಾಗುತ್ತದೆ.

ಈ ಚಿತ್ರಣಕ್ಕೆ ಮನೋವಿಜ್ಞಾನದ ಬೆಂಬಲವೂ ಇದೆ. 1970ರ ದಶಕದಲ್ಲಿ ಎಲಿನರ್ ರಾಶ್ ಎಂಬ ಮನೋವಿಜ್ಞಾನಿ, ನಾವು ಮಾಡಿಕೊಂಡ ವರ್ಗಗಳಿಗೆ ಸುತ್ತ ಬೇಲಿ ಇರುವುದಕ್ಕಿಂತ ನಡುವೆ ಒಂದು ಮಾದರಿ ಇರುತ್ತದೆ ಎಂದು ತೋರಿಸಿದರು. ಅಮೆರಿಕದ ವಿದ್ಯಾರ್ಥಿಗಳು ರಾಬಿನ್ ಹಕ್ಕಿಯನ್ನು ‘ಹಕ್ಕಿ’ ಎಂಬುದಕ್ಕೆ ಬಹಳ ಒಳ್ಳೆಯ ಉದಾಹರಣೆಯೆಂದೂ ಪೆಂಗ್ವಿನ್ ಅನ್ನು ಕಳಪೆ ಉದಾಹರಣೆಯೆಂದೂ ಗುರುತಿಸಿದರು. ಎರಡೂ ಹಕ್ಕಿಗಳೇ ಎಂದು ಗೊತ್ತಿದ್ದವರೇ ಹಾಗೆ ಹೇಳಿದರು. ನಿಮ್ಮ ತರಗತಿಯಲ್ಲಿ ಹಕ್ಕಿಗಳ ಹೆಸರು ಕೇಳಿ, ಯಾವುದು ಮೊದಲು ಬರುತ್ತದೆ, ಕೋಳಿ ಎಷ್ಟನೆಯದಾಗಿ ಬರುತ್ತದೆ ಎಂದು ಗಮನಿಸಿ. ಶಬ್ದದ ಅರ್ಥಗಳೂ ಹೀಗೆ ಕೆಲವು ನಡುವಿನವು, ಕೆಲವು ಅಂಚಿನವು.

ಇನ್ನು ನೀವು ಕೆಂಪು ಶಾಯಿಯಲ್ಲಿ ತಿದ್ದಿದ ‘ಕೆಮ್ಮಾಕತ್ತಿದ್ದಳು’. ನಿಮ್ಮ ಪ್ರಶ್ನೆಯಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದದ್ದು ಇದು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಈ ರೂಪವನ್ನು ಬಿಡಿಸಿದರೆ ‘ಕೆಮ್ಮಲಿಕ್ಕೆ ಹತ್ತಿದ್ದಳು’ ಎಂದಾಗುತ್ತದೆ. ಬರಾಕತ್ತಾನ, ಮಾಡಾಕತ್ತೇನಿ, ಮಾಡ್ಲಿಕ್ಕತ್ತೇನಿ, ಎಲ್ಲದರ ಒಳಗೂ ಅದೇ ‘ಹತ್ತು’ ಇದೆ. ಗುಡ್ಡ ಹತ್ತುವಾಗ ಇದ್ದ ತೂಕ ಇಲ್ಲಿ ಇಲ್ಲ. ಶಬ್ದ ಸವೆದು, ತನ್ನ ‘ಹ’ಕಾರವನ್ನೂ ಕಳೆದುಕೊಂಡು, ತನ್ನ ಹಿಂದಿನ ಕ್ರಿಯಾಪದಕ್ಕೆ ತಾನೇ ಅಂಟಿಕೊಂಡು, ಕ್ರಿಯೆ ನಡೆಯುತ್ತಿದೆ ಎಂದು ತೋರಿಸುವ ವ್ಯಾಕರಣದ ಗುರುತಾಗಿದೆ. ಮೊದಲು ಇದು ಕ್ರಿಯೆಯ ಆರಂಭವನ್ನು ಸೂಚಿಸುತ್ತಿತ್ತು: ‘ಮಗು ಅಳಹತ್ತಿತು’, ‘ಮಳೆ ಸುರಿಯಹತ್ತಿತು’ ಎಂದು ಬರಹದಲ್ಲಿಯೂ ಕಾಣುತ್ತೇವೆ. ಕೆಲಸಕ್ಕೆ ಹತ್ತಿದವನು ಅದನ್ನು ಬಿಡದೆ ಮಾಡುತ್ತಿರುತ್ತಾನೆ ಎಂಬ ಸಹಜವಾದ ಅನುಭವದಿಂದ, ಆರಂಭದ ಅರ್ಥ ಮುಂದುವರಿಯುವ ಅರ್ಥವಾಗಿ ನಮ್ಮ ಕಡೆ ಬೆಳೆಯಿತು.

ಮೈಸೂರು ಕಡೆಯವರು ಇದೇ ಸಂಗತಿಯನ್ನು ‘ಕೆಮ್ಮುತ್ತಾ ಇದ್ದಳು’ ಎನ್ನುತ್ತಾರೆ. ಅಲ್ಲಿ ‘ಇರು’ ಎಂಬ ಕ್ರಿಯಾಪದ ಕೆಲಸ ಮಾಡುತ್ತಿದೆ: ಕ್ರಿಯೆಯನ್ನು ಒಂದು ಜಾಗವೆಂಬಂತೆ ಕಂಡು, ವ್ಯಕ್ತಿ ಅದರೊಳಗೆ ಇದ್ದಾಳೆ ಎನ್ನುವ ನೋಟ. ನಮ್ಮಲ್ಲಿ ಕ್ರಿಯೆಯನ್ನು ಒಂದು ವಸ್ತುವೆಂಬಂತೆ ಕಂಡು, ವ್ಯಕ್ತಿ ಅದಕ್ಕೆ ಹತ್ತಿಕೊಂಡಿದ್ದಾಳೆ ಎನ್ನುವ ನೋಟ. ಕಾಲ ಹರಿಯುತ್ತಿರುವುದನ್ನು ಹೇಳಲು ಎರಡೂ ಕಡೆಯ ಕನ್ನಡಿಗರು ಜಾಗದ, ಸ್ಪರ್ಶದ ಅನುಭವದಿಂದಲೇ ಸಾಮಗ್ರಿ ತಂದಿದ್ದಾರೆ. ತಂದ ಸಾಮಗ್ರಿ ಮಾತ್ರ ಬೇರೆ. ವ್ಯಾಕರಣ ಅರ್ಥವಿಲ್ಲದ ಯಂತ್ರವಲ್ಲ, ಅದೂ ಅರ್ಥವನ್ನೇ ಹೊತ್ತಿದೆ ಎಂದು ಲ್ಯಾಂಗಾಕರ್ ವಾದಿಸಿದ್ದು ಈ ಬಗೆಯ ಸಂಗತಿಗಳನ್ನು ಮುಂದಿಟ್ಟುಕೊಂಡು. ಒಂದೇ ಸನ್ನಿವೇಶವನ್ನು ಬೇರೆ ಬೇರೆ ಕೋನದಿಂದ ಕಾಣಿಸುವುದೇ ವ್ಯಾಕರಣರೂಪಗಳ ಕೆಲಸ ಎಂದರು ಅವರು.

ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಬರಹಗನ್ನಡದ ರೂಪ ಇರಬೇಕೆಂಬ ನಿಯಮವನ್ನು ನೀವು ಪಾಲಿಸಲೇಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ‘ಕೆಮ್ಮಾಕತ್ತಿದ್ದಳು’ ಎಂಬುದು ಕೆಟ್ಟುಹೋದ ಕನ್ನಡ ಎಂದು ಆ ಹುಡುಗಿಗೆ ಅನ್ನಿಸಬಾರದು. 9ನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದು ಇಂದಿನ ನಿಮ್ಮ ಜಿಲ್ಲೆಯ ಲಕ್ಷ್ಮೇಶ್ವರ. ಇದನ್ನು ಅಭಿಮಾನಕ್ಕಾಗಿ ಹೇಳುತ್ತಿಲ್ಲ. ಯಾವ ಊರಿನ ಮಾತು ನಡುವಿನದು, ಯಾವುದು ಅಂಚಿನದು ಎಂಬ ಎಣಿಕೆ ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ಆದರೆ ಎಲ್ಲ ಊರಿನ ಮಾತಿಗೂ ಅದರದೇ ಪೂರ್ಣವಾದ ವ್ಯಾಕರಣ ಇರುತ್ತದೆ.

ಇಲ್ಲಿಯವರೆಗೆ ನಾನು ಹೇಳಿದ್ದನ್ನು ನೀವು ಅನುಮಾನದಿಂದ ನೋಡಬೇಕು. ಅಂಟಿಕೊಳ್ಳುವ ಕಥೆ ಕೇಳಲು ಚೆನ್ನಾಗಿದೆ, ಆದರೆ ಚೆನ್ನಾಗಿರುವ ಕಥೆಗಳನ್ನು ಭಾಷಾವಿಜ್ಞಾನಿ ಎಷ್ಟು ಬೇಕಾದರೂ ಹೊಸೆಯಬಲ್ಲ. ಅದಕ್ಕೆ ಪುರಾವೆ ಏನು? ಒಂದು ಪುರಾವೆ ಕನ್ನಡದೊಳಗೇ ಇದೆ. ‘ಹಿಡಿ’ ಎಂಬ ಬೇರೆಯೇ ಕ್ರಿಯಾಪದವನ್ನು ತೆಗೆದುಕೊಳ್ಳಿ: ಅನ್ನ ತಳ ಹಿಡಿಯುತ್ತದೆ, ಬೆಂಕಿ ಹಿಡಿಯುತ್ತದೆ, ಹುಚ್ಚು ಹಿಡಿಯುತ್ತದೆ, ಮಳೆ ಹಿಡಿಯುತ್ತದೆ, ಕೆಲಸ ಇಷ್ಟು ಸಮಯ ಹಿಡಿಯುತ್ತದೆ. ‘ತಗಲು’ ಎಂಬುದನ್ನು ತೆಗೆದುಕೊಳ್ಳಿ: ಬೆಂಕಿ ತಗಲುತ್ತದೆ, ರೋಗ ತಗಲುತ್ತದೆ, ಖರ್ಚು ತಗಲುತ್ತದೆ, ಸಮಯ ತಗಲುತ್ತದೆ. ಮೂರು ಬೇರೆ ಬೇರೆ ಶಬ್ದಗಳು, ಮೂರೂ ಮುಟ್ಟುವುದು ಮತ್ತು ಬಿಡದಿರುವುದಕ್ಕೆ ಸಂಬಂಧಿಸಿದವು, ಮೂರೂ ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಬೆಳೆದಿವೆ. ‘ಹತ್ತು’ವಿನ ಅರ್ಥಗಳು ಆಕಸ್ಮಿಕವಾಗಿ ಒಂದೆಡೆ ಗುಂಪುಗೂಡಿದ್ದರೆ ಹೀಗಾಗುತ್ತಿರಲಿಲ್ಲ.

ಆದರೆ ಇನ್ನೊಂದು ಸಂಗತಿ ಈ ವಿವರಣೆಯನ್ನು ತೊಡಕಿಗೆ ಸಿಕ್ಕಿಸುತ್ತದೆ. ಮರಾಠಿ ಬಲ್ಲವರಿಗೆ ಇದು ಆಗಲೇ ಹೊಳೆದಿರುತ್ತದೆ. ಮರಾಠಿಯ ‘ಲಾಗಣೆ’ ಎಂದರೆ ತಗಲುವುದು. ಅಲ್ಲಿಯೂ ಬೆಂಕಿಗೆ ‘ಆಗ್ ಲಾಗಲಿ’, ನಿದ್ದೆಗೆ ‘ಝೋಪ್ ಲಾಗಲಿ’, ಹೊತ್ತಿಗೆ ‘ವೇಳ್ ಲಾಗತೊ’, ಅಳಲು ಆರಂಭಿಸಿದವನಿಗೆ ‘ರಡೂ ಲಾಗಲಾ’. ನಮ್ಮ ‘ಅಳಾಕ ಹತ್ತಿದ’ ಎಂಬುದಕ್ಕೆ ಅದು ಪಡಿಯಚ್ಚು. ಈ ಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು, ಅದಕ್ಕೂ ಹಿಂದೆ ಮರಾಠರ ಆಳ್ವಿಕೆಯನ್ನು ಕಂಡಿತ್ತು; ಎರಡು ಭಾಷೆಗಳು ಇಲ್ಲಿ ಶತಮಾನಗಳ ಕಾಲ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿವೆ. ಹಾಗಾದರೆ ನಮ್ಮ ‘ಹತ್ತು’ ಬೆಳೆದದ್ದು ಮೈಯ ಅನುಭವದಿಂದಲೋ, ನೆರೆಮನೆಯಿಂದಲೋ? ನನ್ನ ಅಭಿಪ್ರಾಯದಲ್ಲಿ ಇವೆರಡನ್ನೂ ಒಂದಕ್ಕೊಂದು ವಿರುದ್ಧವಾಗಿ ನಿಲ್ಲಿಸಬೇಕಿಲ್ಲ. ಪೂರ್ತಿ ಕಡ ತಂದದ್ದಾಗಿದ್ದರೆ ಎರಡರ ವ್ಯಾಪ್ತಿ ಒಂದೇ ಆಗಿರಬೇಕಿತ್ತು. ಆದರೆ ಮರಾಠಿಯಲ್ಲಿ ಹಸಿವೂ ‘ಲಾಗತೆ’, ನಮ್ಮಲ್ಲಿ ಹಸಿವು ಸಾಮಾನ್ಯವಾಗಿ ‘ಆಗುತ್ತದೆ’. ನಾವು ಗುಡ್ಡ ಹತ್ತುತ್ತೇವೆ, ಮರಾಠಿಯಲ್ಲಿ ಗುಡ್ಡ ಏರಲು ಬೇರೆ ಕ್ರಿಯಾಪದವಿದೆ. ದಾರಿ ಮೊದಲೇ ಇತ್ತು, ನೆರೆಯವರ ಓಡಾಟದಿಂದ ಅದು ಅಗಲವಾಯಿತು ಎಂಬುದು ನನಗೆ ಹೆಚ್ಚು ಸಂಭವನೀಯವಾಗಿ ಕಾಣುತ್ತದೆ.

ಇನ್ನೊಂದು ಆಕ್ಷೇಪ ಶಾಖೆಯ ಒಳಗಿನಿಂದಲೇ ಬಂತು. 1995ರಲ್ಲಿ ಡೊಮಿನಿಕ್ ಸಾಂಡ್ರಾ ಮತ್ತು ಸ್ಯಾಲಿ ರೈಸ್ ಎಂಬ ಸಂಶೋಧಕರು, ಈ ಅರ್ಥಜಾಲಗಳು ಪ್ರತಿಬಿಂಬಿಸುವುದು ಯಾರ ಮನಸ್ಸನ್ನು, ಭಾಷೆ ಆಡುವವರದ್ದನ್ನೋ, ಭಾಷಾವಿಜ್ಞಾನಿಯದ್ದನ್ನೋ ಎಂದು ಕೇಳಿದರು. ಬಹಳ ನ್ಯಾಯವಾದ ಪ್ರಶ್ನೆ. ಹಳಗನ್ನಡದ ‘ಪತ್ತು’ ನನಗೆ ಗೊತ್ತು, ನಿಮ್ಮ ವಿದ್ಯಾರ್ಥಿನಿಗೆ ಗೊತ್ತಿಲ್ಲ. ಇತಿಹಾಸದಲ್ಲಿ ‘ಅಂಟಿಕೊಳ್ಳು’ ನಡುಗಂಬವಾಗಿದ್ದರೂ, ಇಂದಿನ ಹುಡುಗಿಯ ಮನಸ್ಸಿನಲ್ಲಿ ‘ಮೇಲೇರು’ ಎಂಬುದೇ ನಡುವಿನ ಅರ್ಥವಾಗಿರಬಹುದು, ‘ಕೆಮ್ಮಾಕತ್ತಿದ್ದಳು’ ಎಂಬುದರಲ್ಲಿ ಅವಳಿಗೆ ‘ಹತ್ತು’ ಕೇಳಿಸದೆಯೂ ಇರಬಹುದು. ಶಬ್ದದ ಚರಿತ್ರೆ ಬೇರೆ, ಮನಸ್ಸಿನಲ್ಲಿ ಅದು ಇಂದು ಇರುವ ಬಗೆ ಬೇರೆ. ಇದನ್ನು ಕುರ್ಚಿಯಲ್ಲಿ ಕುಳಿತು ತೀರ್ಮಾನಿಸಲಾಗದು. ಪ್ರಯೋಗ ಮಾಡಬೇಕು, ಮಾತಿನ ದಾಖಲೆಗಳನ್ನು ಎಣಿಸಬೇಕು, ಮಕ್ಕಳು ಯಾವ ಬಳಕೆಯನ್ನು ಮೊದಲು ಕಲಿಯುತ್ತಾರೆಂದು ನೋಡಬೇಕು. ಈ ಆಕ್ಷೇಪಗಳ ನಂತರ ಅರಿವಿನ ಭಾಷಾವಿಜ್ಞಾನ ಆ ದಿಕ್ಕಿಗೆ ಹೆಚ್ಚು ಹೊರಳಿತು. ಮಕ್ಕಳು ಮೊದಲೇ ಸಿದ್ಧವಾದ ನಿಯಮಗಳಿಂದ ಹೊರಡದೆ, ಕೇಳಿದ ಒಂದೊಂದು ಬಿಡಿ ಬಳಕೆಯನ್ನು ಕೂಡಿಸಿ ನಿಧಾನವಾಗಿ ವ್ಯಾಕರಣ ಕಟ್ಟಿಕೊಳ್ಳುತ್ತಾರೆ ಎಂದು ಮನೋವಿಜ್ಞಾನಿ ಮೈಕೆಲ್ ಟೊಮಸೆಲ್ಲೊ ವಾದಿಸಿದ್ದು, ತಮ್ಮ ಮಗಳ ಮಾತನ್ನು ದಿನದಿನವೂ ಬರೆದಿಟ್ಟುಕೊಂಡದ್ದರ ಆಧಾರದಿಂದ. ಆ ಅಧ್ಯಯನ 1992ರಲ್ಲಿ ಪ್ರಕಟವಾಯಿತು.

ನಿಮ್ಮ ವಿದ್ಯಾರ್ಥಿನಿಯ ವಾಕ್ಯದ ಮೊದಲರ್ಧದಲ್ಲಿ ಇನ್ನೊಂದು ಸೂಕ್ಷ್ಮವಿದೆ. “ನಾನು ಮಲಗಿದೆ, ಆದರೆ ನನಗೆ ನಿದ್ದೆ ಹತ್ತಲಿಲ್ಲ.” ಮಲಗುವುದು ನಾನು ಮಾಡುವ ಕೆಲಸ, ಆದ್ದರಿಂದ ಅಲ್ಲಿ ‘ನಾನು’. ನಿದ್ದೆ ನನ್ನ ಕೈಯಲ್ಲಿಲ್ಲ. ಅದೇ ಕರ್ತೃವಾಗಿ ಬರುತ್ತದೆ, ನಾನು ಅದು ಬಂದು ಸೇರುವ ಸ್ಥಳ, ಆದ್ದರಿಂದ ‘ನನಗೆ’. ಸಿಟ್ಟು, ನಾಚಿಕೆ, ನೆನಪು, ಚಳಿ, ಎಲ್ಲವೂ ಕನ್ನಡದಲ್ಲಿ ಹೀಗೆ ನಮ್ಮ ಕಡೆಗೆ ಬರುತ್ತವೆ ಅಥವಾ ನಮಗೆ ಆಗುತ್ತವೆ. ‘ನಾನು’ ಮತ್ತು ‘ನನಗೆ’ ಎಂಬ ವಿಭಕ್ತಿಯ ಚಿಕ್ಕ ವ್ಯತ್ಯಾಸ, ಮಾಡುವುದು ಮತ್ತು ಅನುಭವಿಸುವುದರ ನಡುವಿನ ಗೆರೆಯನ್ನು ಎಳೆಯುತ್ತಿದೆ. ವಿಭಕ್ತಿಗಳನ್ನು ಕಂಠಪಾಠ ಮಾಡಿಸುವಾಗ ಇದನ್ನು ಒಮ್ಮೆಯಾದರೂ ತೋರಿಸಿ. ಮಕ್ಕಳಿಗೆ ಬೇಗ ತಿಳಿಯುತ್ತದೆ.

ಶಬ್ದಗಳಷ್ಟೇ ಅಲ್ಲ, ಶಬ್ದಗಳನ್ನು ಜೋಡಿಸುವ ಅಚ್ಚುಗಳಿಗೂ ಅರ್ಥವಿದೆ ಎಂಬುದು ಇದೇ ಪಂಥದ ಇನ್ನೊಂದು ಕವಲು. ಅಡೆಲ್ ಗೋಲ್ಡ್‌ಬರ್ಗ್ 1995ರಲ್ಲಿ ಅದನ್ನು ವಿಸ್ತಾರವಾಗಿ ಬೆಳೆಸಿದರು. ‘ಚಹಾ-ಗಿಹಾ’, ‘ರೊಕ್ಕ-ಗಿಕ್ಕ’ ಎನ್ನುವಾಗ ‘ಗಿಹಾ’ಕ್ಕಾಗಲಿ ‘ಗಿಕ್ಕ’ಕ್ಕಾಗಲಿ ಸ್ವಂತ ಅರ್ಥವಿಲ್ಲ. ಆದರೆ ಆ ಅಚ್ಚಿನಲ್ಲಿ ಹೊಸ ಶಬ್ದವನ್ನು ಹಾಕಿ ‘ಮೊಬೈಲು-ಗಿಬೈಲು’ ಎಂದರೂ, ಅದೂ ಅಂಥದ್ದೂ ಎಂಬ ಅರ್ಥ ತಟ್ಟನೆ ಬರುತ್ತದೆ. ಅರ್ಥ ಇರುವುದು ಅಚ್ಚಿನಲ್ಲಿ. ಹಾಗೆಯೇ, ಒಂದು ಶಬ್ದ ಅರ್ಥವಾಗಬೇಕಾದರೆ ಅದರ ಹಿಂದಿನ ಇಡೀ ವ್ಯವಹಾರ ಗೊತ್ತಿರಬೇಕು ಎಂದವರು ಫಿಲ್‌ಮೋರ್: ಅಂಗಡಿ, ಖಾತೆ ಪುಸ್ತಕ, ನಂಬಿಕೆ, ಮುಂದೆ ತೀರಿಸುವ ಮಾತು, ಇವೆಲ್ಲ ತಿಳಿಯದವನಿಗೆ ‘ಉದ್ರಿ’ ಎಂಬ ಶಬ್ದವನ್ನು ವಿವರಿಸಲಾಗದು.

ರೂಪಕದ ವಿಷಯವೇ ಈ ಶಾಖೆಗೆ ಹೆಚ್ಚು ಹೆಸರು ತಂದದ್ದು. ರೂಪಕ ಕಾವ್ಯದ ಅಲಂಕಾರ ಮಾತ್ರವಲ್ಲ, ದಿನದ ವಿಚಾರವೇ ರೂಪಕಗಳಿಂದ ನಡೆಯುತ್ತದೆ ಎಂಬುದು ಲೇಕಾಫ್ ಮತ್ತು ಜಾನ್ಸನ್ ಅವರ ವಾದ. ಸಿಟ್ಟಿನ ಮಾತುಗಳನ್ನೇ ನೋಡಿ: ಸಿಟ್ಟಿನಿಂದ ಕುದಿಯುತ್ತಾನೆ, ಸಿಟ್ಟು ನೆತ್ತಿಗೇರುತ್ತದೆ, ಆಮೇಲೆ ತಣ್ಣಗಾಗುತ್ತಾನೆ. ಮೈಯನ್ನು ಪಾತ್ರೆಯಾಗಿ, ಸಿಟ್ಟನ್ನು ಅದರೊಳಗಿನ ಬಿಸಿ ದ್ರವವಾಗಿ ಕಾಣುವ ಈ ಬಗೆ ಇಂಗ್ಲಿಷ್, ಹಂಗೇರಿಯನ್, ಜಪಾನಿ ಮುಂತಾದ ದೂರದೂರದ ಭಾಷೆಗಳಲ್ಲಿಯೂ ಕಾಣುತ್ತದೆ. ಸಿಟ್ಟು ಬಂದಾಗ ಮೈ ಬಿಸಿಯಾಗುವುದು ಎಲ್ಲರಿಗೂ ಒಂದೇ ಆದ್ದರಿಂದ ಹೀಗೆ ಎಂದು ಮೊದಲು ವಿವರಿಸಿದರು. 1995ರ ಹೊತ್ತಿಗೆ ಡಿರ್ಕ್ ಗೀರಾರ್ಟ್ಸ್ ಮತ್ತು ಸ್ಟೆಫಾನ್ ಗ್ರೊಂಡೆಲಾರ್ಸ್, ಯುರೋಪಿನ ಸಿಟ್ಟಿನ ಮಾತುಗಳ ಹಿಂದೆ ಮೈಯ ಅನುಭವದ ಜೊತೆಗೆ ಹಳೆಯ ವೈದ್ಯದ ದೇಹರಸಗಳ ಸಿದ್ಧಾಂತವೂ ಇದೆ ಎಂದು ನೆನಪಿಸಿದರು. ‘ಪಿತ್ತ ನೆತ್ತಿಗೇರಿತು’ ಎನ್ನುವ ನಮಗೆ ಅವರ ಮಾತು ಸುಲಭವಾಗಿ ಒಪ್ಪಿಗೆಯಾಗುತ್ತದೆ, ಏಕೆಂದರೆ ಅದರಲ್ಲಿ ಆಯುರ್ವೇದವೇ ಮಾತಾಡುತ್ತಿದೆ. ಮೈ ಎಲ್ಲರಿಗೂ ಇದೆ, ಆದರೆ ಮೈಯನ್ನು ಅರ್ಥಮಾಡಿಕೊಳ್ಳುವ ಪದ್ಧತಿ ನಾಡಿಗೊಂದು. ಇದನ್ನು ಮರೆತ ರೂಪಕವಿಶ್ಲೇಷಣೆ ನನಗೆ ಯಾವಾಗಲೂ ಅರೆಬೆಂದದ್ದಾಗಿ ಕಂಡಿದೆ.

ಕಾಲದ ಮಾತು ಇನ್ನೂ ಸೊಗಸಾಗಿದೆ. ‘ಮುಂದಿನ ವಾರ’ ಎಂದರೆ ಇನ್ನೂ ಬರಬೇಕಾದದ್ದು; ‘ಹಿಂದಿನ ವಾರ’ ಎಂದರೆ ಆಗಿಹೋದದ್ದು. ಅಂದರೆ ನಾವು ಭವಿಷ್ಯಕ್ಕೆ ಮುಖಮಾಡಿ ನಡೆಯುತ್ತಿದ್ದೇವೆ. ಆದರೆ ನಿಮ್ಮ ಊರಿನ ರೈತರು ಮುಂಗಾರಿ, ಹಿಂಗಾರಿ ಎನ್ನುವಾಗ, ಮೊದಲು ಬರುವುದು ಮುಂಗಾರಿ, ಆಮೇಲೆ ಬರುವುದು ಹಿಂಗಾರಿ. ಇಲ್ಲಿ ‘ಮುಂ’ ಎಂಬುದು ಮೊದಲಿನದನ್ನು ಸೂಚಿಸುತ್ತದೆ. ಇನ್ನೂ ವಿಚಿತ್ರವೆಂದರೆ, ‘ಹಬ್ಬದ ಮುನ್ನಾದಿನ’ ಮತ್ತು ‘ಹಬ್ಬದ ಹಿಂದಿನ ದಿನ’ ಎರಡೂ ಒಂದೇ ದಿನ! ಇದು ಗೊಂದಲವಲ್ಲ, ಎರಡು ಬೇರೆ ನೋಟಗಳು. ಒಂದರಲ್ಲಿ ನಾವೇ ನಡುವೆ ನಿಂತು ನಮ್ಮ ಮುಂದೇನು, ಹಿಂದೇನು ಎನ್ನುತ್ತೇವೆ. ಇನ್ನೊಂದರಲ್ಲಿ ಋತುಗಳೂ ದಿನಗಳೂ ಸಾಲಾಗಿ ಮೆರವಣಿಗೆ ಬರುತ್ತವೆ. ಸಾಲಿನಲ್ಲಿ ಮುಂದೆ ಇರುವವರು ಮೊದಲು ಬಂದು ತಲುಪುತ್ತಾರೆ. ರಫಾಯೆಲ್ ನೂನ್ಯೆಸ್ ಮತ್ತು ಈವ್ ಸ್ವೀಟ್ಸರ್ 2006ರಲ್ಲಿ ಈ ಎರಡು ನೋಟಗಳನ್ನು ಬಿಡಿಸಿ ಇಡುವುದರ ಮಹತ್ವವನ್ನು ತೋರಿಸಿದರು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ಐಮಾರಾ ಭಾಷೆಯಲ್ಲಿ ಕಣ್ಣು, ಮುಂದೆ ಎಂಬ ಅರ್ಥದ ಪದವೇ ಭೂತಕಾಲಕ್ಕೂ ಬರುತ್ತದೆ, ಬೆನ್ನು ಎಂಬ ಅರ್ಥದ ಪದ ಭವಿಷ್ಯಕ್ಕೆ. ಅಲ್ಲಿಯ ಹಿರಿಯರು ಹಳೆಯ ಕಾಲದ ಬಗ್ಗೆ ಮಾತಾಡುವಾಗ ಕೈಯನ್ನೂ ಮುಂದಕ್ಕೇ ಚಾಚುತ್ತಾರೆ. ಕಂಡದ್ದು ಕಣ್ಣಮುಂದೆ, ಕಾಣದ್ದು ಬೆನ್ನ ಹಿಂದೆ. ಮಾತಿಗೂ ಕೈಸನ್ನೆಗೂ ಹೊಂದಿಕೆಯಾದದ್ದರಿಂದ, ಇದು ಬರಿಯ ನುಡಿಗಟ್ಟಲ್ಲ, ವಿಚಾರದ ರೀತಿಯೇ ಹಾಗಿದೆ ಎನ್ನಲು ಗಟ್ಟಿ ಆಧಾರ ಸಿಕ್ಕಿತು.

ಇಲ್ಲಿಗೆ ನಿಮ್ಮ ಕೊನೆಯ ಪ್ರಶ್ನೆ ಬರುತ್ತದೆ. ಭಾಷೆ ವಿಚಾರವನ್ನು ಕಟ್ಟಿಹಾಕುತ್ತದೆ ಎಂದು ಈ ಶಾಖೆಯ ಬಹುತೇಕ ವಿದ್ವಾಂಸರು ಹೇಳುವುದಿಲ್ಲ. ಮನೋವಿಜ್ಞಾನಿ ಡಾನ್ ಸ್ಲೋಬಿನ್ ಅವರ ಎಚ್ಚರದ ಮಾತು ನನಗೆ ಹೆಚ್ಚು ಒಪ್ಪಿಗೆ: ಮಾತನಾಡಲು ಸಿದ್ಧವಾಗುವ ಕ್ಷಣದಲ್ಲಿ, ನಮ್ಮ ಭಾಷೆ ಹೇಳಲೇಬೇಕೆಂದು ಒತ್ತಾಯಿಸುವ ಅಂಶಗಳ ಕಡೆಗೆ ನಮ್ಮ ಗಮನ ಹೋಗುತ್ತದೆ. ಇದಕ್ಕಿಂತ ದೊಡ್ಡ ಮಾತುಗಳನ್ನು ಯಾರಾದರೂ ಆಡಿದರೆ ಎಚ್ಚರ ಇರಲಿ. ಚೀನೀ ಭಾಷಿಕರು ಕಾಲವನ್ನು ಮೇಲೆ-ಕೆಳಗೆ ಎಂಬ ದಿಕ್ಕಿನಲ್ಲಿ ಯೋಚಿಸುತ್ತಾರೆ ಎಂಬ 2001ರ ಪ್ರಸಿದ್ಧ ಪ್ರಯೋಗವನ್ನು 2007ರಲ್ಲಿ ಬೇರೆಯವರು ಮತ್ತೆ ಮಾಡಿದಾಗ ಅದೇ ಫಲಿತಾಂಶ ಸಿಗಲಿಲ್ಲ; ವಾದ ಇನ್ನೂ ನಡೆದಿದೆ. ಮಿದುಳಿನ ಪ್ರಯೋಗಗಳ ವಿಷಯವೂ ಅಷ್ಟೇ. ಕಾಲಿನ, ಕೈಯ, ಬಾಯಿಯ ಕ್ರಿಯೆಗಳನ್ನು ಹೇಳುವ ಪದಗಳನ್ನು ಓದುವಾಗ, ಮಿದುಳಿನಲ್ಲಿ ಆಯಾ ಅಂಗಗಳ ಚಲನೆಯನ್ನು ನಡೆಸುವ ಭಾಗಗಳ ಹತ್ತಿರ ಚಟುವಟಿಕೆ ಕಾಣುತ್ತದೆ ಎಂದು 2004ರಲ್ಲಿ ಪ್ರಕಟವಾಯಿತು. ಅದು ಅರ್ಥದ ಮೂಲವೋ, ಅರ್ಥವಾದ ಮೇಲೆ ಹಿಂದೆಯೇ ಬರುವ ನೆರಳೋ ಎಂಬುದು ತೀರ್ಮಾನವಾಗಿಲ್ಲ. ಕನ್ನಡಿಗರು ‘ನನಗೆ ಸಿಟ್ಟು ಬಂತು’ ಎನ್ನುವುದರಿಂದ ಸಿಟ್ಟಿನ ಹೊಣೆಯನ್ನು ಕಡಿಮೆ ಹೊರುತ್ತಾರೆ ಎಂದು ಯಾರಾದರೂ ನಿಮಗೆ ಹೇಳಿದರೆ, ಪುರಾವೆ ಕೇಳಿ.

ನಿಮ್ಮ ತರಗತಿಯಲ್ಲಿ ಒಂದು ಕೆಲಸ ಮಾಡಬಹುದು. ಪ್ರತಿಯೊಬ್ಬ ಮಗುವೂ ಮನೆಯಲ್ಲಿ ಒಂದು ವಾರ ‘ಹತ್ತು’ ಬರುವ ಮಾತುಗಳನ್ನು, ಆಡಿದವರು ಹೇಗೆ ಆಡಿದರೋ ಹಾಗೆಯೇ, ಚೀಟಿಗೊಂದರಂತೆ ಬರೆದು ತರಲಿ. ಅಜ್ಜ-ಅಜ್ಜಿಯರ ಮಾತಿಗೆ ಬೇರೆ ಗುರುತು ಹಾಕಲಿ. ಆಮೇಲೆ ಚೀಟಿಗಳನ್ನು ನಾಲ್ಕೈದು ಮಕ್ಕಳ ಗುಂಪುಗಳಿಗೆ ಕೊಟ್ಟು, ಒಂದರ ಹತ್ತಿರ ಇನ್ನೊಂದು ಇರಬೇಕೆನ್ನಿಸಿದವನ್ನು ಒಟ್ಟಿಗೆ ಇಡಲು ಹೇಳಿ. ಅರ್ಥವನ್ನು ನೀವು ಮೊದಲೇ ಹೇಳಿಕೊಡಬೇಡಿ, ‘ಅಂಟಿಕೊಳ್ಳು’ ಎಂಬ ಸುಳಿವನ್ನೂ ಕೊಡಬೇಡಿ. ಬೇರೆ ಬೇರೆ ಗುಂಪುಗಳು ‘ನಿದ್ದೆ ಹತ್ತು’ವನ್ನು ‘ಬೆಂಕಿ ಹತ್ತು’ವಿನ ಹತ್ತಿರ ಇಟ್ಟರೆ, ಜಾಲ ನನ್ನ ಕಲ್ಪನೆಯಲ್ಲಿ ಮಾತ್ರ ಇಲ್ಲ ಎನ್ನಲು ಒಂದು ಸಣ್ಣ ಆಧಾರ ಸಿಕ್ಕಂತೆ. ‘ಕೆಮ್ಮಾಕತ್ತಿದ್ದಳು’ ಎಂಬ ಚೀಟಿಯನ್ನು ಅವರು ಈ ರಾಶಿಗೆ ಸೇರಿಸುತ್ತಾರೆಯೇ, ಅಥವಾ ಇದರಲ್ಲಿ ‘ಹತ್ತು’ ಎಲ್ಲಿದೆ ಎಂದು ಕೇಳುತ್ತಾರೆಯೇ ಎಂಬುದನ್ನು ಬರೆದಿಟ್ಟುಕೊಳ್ಳಿ. ಆ ಚೀಟಿಯನ್ನು ಪ್ರಬಂಧ ಬರೆದ ಹುಡುಗಿಯ ಕೈಗೇ ಕೊಡಿ, ಅವಳು ಅದನ್ನು ಎಲ್ಲಿ ಇಟ್ಟಳು ಎಂದು ನನಗೂ ತಿಳಿಸಿ.